ತಾತನ ಕಥೆಯನ್ನು ಕುಣಿಯಬೇಕು ಅನ್ನುವವರಿಗೆ

ಈಚೆಗೆ ನನ್ನ ಹತ್ತಿರ ಕೊರಿಯೋಗ್ರಫಿ ಕಲಿಯಲು ಬರುವ ಮಕ್ಕಳಲ್ಲಿ ತುಂಬಾ ಜನ ತಮ್ಮ ಹಿರಿಯರ ಬಗ್ಗೆಯೇ ಕೆಲಸ ಮಾಡಬೇಕು ಅಂತಾರೆ. ಮುತ್ತಜ್ಜ ಬ್ರಿಟಿಷರ ಕಾಫಿ ತೋಟದಲ್ಲಿ ಕೂಲಿಗಿದ್ದ, ಇನ್ನೊಬ್ಬರ ತಾತ ಪಲ್ಟನ್ನಿನಲ್ಲಿದ್ದ, ಮತ್ತೊಬ್ಬರ ಅಜ್ಜಿಯ ತಾಯಿ ದೇವಸ್ಥಾನದಲ್ಲಿ ಕುಣಿಯುತ್ತಿದ್ದಳಂತೆ, ಆದರೆ ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಇಂಥ ಆಸೆ ಹೊತ್ತು ಬಂದವರನ್ನು ಕಂಡರೆ ನನಗೆ ಖುಷಿ. ಆದರೆ ಮೊದಲ ರಿಹರ್ಸಲ್‌ಗೆ ಬಂದಾಗ ಹೆಚ್ಚಿನವರ ಕೈಯಲ್ಲಿ ಇರುವುದು ಒಂದು ಪೆನ್‌ಡ್ರೈವ್. ಅದರಲ್ಲಿ ಹಳೇ ಫೋಟೋಗಳು, ಹಿನ್ನೆಲೆಗೆ ಗಂಭೀರವಾದ ಒಂದು ದನಿ, ನಡುನಡುವೆ ಬೂಟಿನ ಸದ್ದು. ಕಥೆಯೆಲ್ಲ ಪರದೆಯ ಮೇಲೇ ನಡೆದುಹೋಗುತ್ತದೆ. ಮುಂದೆ ನಿಂತು ಕುಣಿಯುವವರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಆಗ ನಾನು ಅಕ್ರಮ್ ಖಾನ್ ಅವರ ‘ಝೀನೋಸ್’ ಅನ್ನುವ ನೃತ್ಯಪ್ರಯೋಗದ ಬಗ್ಗೆ ಹೇಳಲು ಶುರು ಮಾಡುತ್ತೇನೆ. ಮೊದಲ ಮಹಾಯುದ್ಧಕ್ಕೆ ಸಿಪಾಯಿಯಾಗಿ ಹೋದ ಒಬ್ಬ ಭಾರತೀಯ ನರ್ತಕನ ಕಥೆ ಅದು. ಅಕ್ರಮ್ ಲಂಡನ್ನಿನಲ್ಲಿ ಹುಟ್ಟಿದವರು, ತಂದೆತಾಯಿ ಬಾಂಗ್ಲಾದೇಶದವರು. ಕಲಿತದ್ದು ಪ್ರತಾಪ್ ಪವಾರ್ ಅವರ ಬಳಿ ಕಥಕ್, ಆಮೇಲೆ ಸಮಕಾಲೀನ ನೃತ್ಯ. ಮೊದಲ ಮಹಾಯುದ್ಧ ಮುಗಿದು ನೂರು ವರ್ಷವಾದ 2018ರಲ್ಲಿ ಈ ಏಕವ್ಯಕ್ತಿ ಪ್ರಯೋಗ ಅಥೆನ್ಸ್‌ನಲ್ಲಿ ಮೊದಲು ನಡೆಯಿತು. ಆ ಯುದ್ಧದಲ್ಲಿ ಬ್ರಿಟಿಷರ ಕಡೆಯಿಂದ ಹೋದ ಭಾರತದವರು 13 ಲಕ್ಷಕ್ಕೂ ಹೆಚ್ಚು. ಸತ್ತವರು ಸುಮಾರು 74,000. ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕೂಡ ಹೋಗಿದ್ದರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಹಿಡಿದ ಕುದುರೆ ಸವಾರರಲ್ಲಿ ಅವರೂ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ಆ ದಾರಿಯಲ್ಲಿ ಹೋಗುವವರು ಒಮ್ಮೆ ನಿಂತು ನೋಡಿ.

ಅಕ್ರಮ್ ಈ ಅಂಕಿಅಂಶ ಯಾವುದನ್ನೂ ಕುಣಿಯುವುದಿಲ್ಲ. ಪ್ರೇಕ್ಷಕರು ಇನ್ನೂ ಒಳಗೆ ಬಂದು ಕೂರುತ್ತಿರುವಾಗಲೇ ವೇದಿಕೆ ಮೇಲೆ ಸಣ್ಣ ಬೈಠಕ್ ನಡೆದಿರುತ್ತದೆ. ಹಾಡು, ತಾಳ, ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ಕೊನ್ನಕೋಲು. ಆ ಕೊನ್ನಕೋಲು ನಮ್ಮ ಬೆಂಗಳೂರಿನ ಬಿ.ಸಿ. ಮಂಜುನಾಥ್ ಅವರದು. ಕುಣಿಯುವವನು ಅಲ್ಲಿಗೆ ಬಂದು ಕಥಕ್ ಮಾಡುತ್ತಾನೆ. ಹಿಂದೆ ಒಂದು ಕಡಿದಾದ ಇಳಿಜಾರು. ಸ್ವಲ್ಪ ಹೊತ್ತಿಗೆ ದೀಪ ಮಿಣುಕಲು ಶುರುವಾಗುತ್ತದೆ, ಬೈಠಕ್ಕಿನ ಕುರ್ಚಿ ಗಿರ್ಚಿಯನ್ನೆಲ್ಲ ಹಗ್ಗಗಳು ಆ ಇಳಿಜಾರಿನ ಆಚೆಗೆ ಎಳೆದುಕೊಂಡು ಹೋಗುತ್ತವೆ, ಮತ್ತು ನೋಡನೋಡುತ್ತಿದ್ದಂತೆ ಆ ಇಳಿಜಾರೇ ಯುದ್ಧದ ಕಂದಕವಾಗಿರುತ್ತದೆ. ಗ್ರಾಮಫೋನಿನ ದೊಡ್ಡ ಬಾಯಿ ಸರ್ಚ್‌ಲೈಟ್ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗೆಜ್ಜೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭರತನಾಟ್ಯದ ಗೆಜ್ಜೆ ಸಾಮಾನ್ಯವಾಗಿ ಚರ್ಮದ ಪಟ್ಟಿಗೆ ಹೊಲಿದದ್ದು, ಬಕಲ್ ಹಾಕಿ ಬಿಗಿಯುತ್ತೇವೆ. ಕಥಕ್‌ನವರದು ಹಾಗಲ್ಲ. ಗಟ್ಟಿ ದಾರಕ್ಕೆ ಒಂದೊಂದೇ ಗೆಜ್ಜೆ ಕಟ್ಟಿ ಮಾಡಿದ ಉದ್ದನೆ ಸರ ಅದು, ಒಂದೊಂದು ಕಾಲಿಗೆ ನೂರು, ನೂರೈವತ್ತು, ಇನ್ನೂ ಜಾಸ್ತಿ. ಕಣಕಾಲಿಗೆ ಸುತ್ತು ಮೇಲೆ ಸುತ್ತು ಹಾಕಿ ಕಟ್ಟಬೇಕು. ಬಿಚ್ಚುವಾಗಲೂ ಹಾಗೇ, ಸುತ್ತು ಸುತ್ತಾಗಿ. ಅಕ್ರಮ್ ವೇದಿಕೆ ಮೇಲೇ ಅದನ್ನು ಬಿಚ್ಚುತ್ತಾರೆ. ಬಿಚ್ಚಿದ ಸರ ನೆಲದ ಮೇಲೆ ಎಳೆದಾಡುವಾಗ ಬೇಡಿ ಆಗುತ್ತದೆ. ಅದನ್ನೇ ಎದೆಗೆ ಅಡ್ಡಡ್ಡ ಸುತ್ತಿಕೊಂಡರೆ ಗುಂಡಿನ ಪಟ್ಟಿ. ಹೊಸ ಸಾಮಾನು ಒಂದೂ ತಂದಿಲ್ಲ. ಸೈನ್ಯಕ್ಕೆ ಹೋದ ಒಬ್ಬ ಕಲಾವಿದನ ಮೈಯಿಂದ ಏನನ್ನು ಕಿತ್ತುಕೊಂಡರು, ಅದರ ಜಾಗದಲ್ಲಿ ಏನನ್ನು ಹೊರಿಸಿದರು ಅನ್ನೋದು ಯಾರೂ ಬಾಯಿಬಿಟ್ಟು ಹೇಳದೆ ತಿಳಿಯುತ್ತದೆ. ಕಥಕ್ ಗೊತ್ತಿಲ್ಲದವರಿಗೂ ತಿಳಿಯುತ್ತದೆ, ಗೊತ್ತಿದ್ದವರಿಗಂತೂ ಹೊಟ್ಟೆಗೆ ಗುದ್ದಿದ ಹಾಗಾಗುತ್ತದೆ.

ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಹಿರಿಯರ ಕಥೆ ಇರುವುದು ನಿಮ್ಮ ಪೆನ್‌ಡ್ರೈವಿನಲ್ಲಿ ಅಲ್ಲಮ್ಮ, ನೀವು ಈಗಾಗಲೇ ಕಲಿತಿರುವ ವಿದ್ಯೆಯಲ್ಲಿ, ಕೂರುವ ಏಳುವ ರೀತಿಯಲ್ಲಿ ಅದನ್ನು ಹುಡುಕಿ. ನಿಮ್ಮ ಕಾಲಿಗೆ ಗೊತ್ತಿರುವ ಒಂದನ್ನು ತೆಗೆದುಕೊಂಡು ಅದು ಬೇರೆಯದಾಗುವ ತನಕ ಬಿಡಬೇಡಿ.

ದಕ್ಷಿಣ ಆಫ್ರಿಕಾದ ನೃತ್ಯಗಾರ ಗ್ರೆಗರಿ ಮಕೋಮಾ ಇನ್ನೂ ನೇರವಾಗಿ ತಮ್ಮ ವಂಶವನ್ನೇ ಕೈಗೆತ್ತಿಕೊಂಡವರು. ಅವರು ಜೊಹಾನ್ಸ್‌ಬರ್ಗಿನ ಸೊವೆಟೊದವರು. ಬ್ರಿಟಿಷರ ವಿರುದ್ಧ ಹೋರಾಡಿ, ರಾಬೆನ್ ದ್ವೀಪದ ಸೆರೆಯಲ್ಲೇ 1873ರಲ್ಲಿ ತೀರಿಕೊಂಡ ಕೋಸಾ ಜನರ ನಾಯಕ ಮಕೋಮಾ ಇವರ ಪೂರ್ವಜ. ‘ಎಕ್ಸಿಟ್/ಎಕ್ಸಿಸ್ಟ್’ ಅನ್ನುವ ಪ್ರಯೋಗದಲ್ಲಿ ಒಂದೇ ದೇಹ ಇವತ್ತಿನ ನಗರದ ಕಲಾವಿದನೂ ಹೌದು, ಆ ನಾಯಕನೂ ಹೌದು. ಪಕ್ಕದಲ್ಲೇ ನಿಂತು ಹಾಡುವವರಿದ್ದಾರೆ.

ಈಗ ನಮ್ಮ ಕಡೆಗೆ ಬರೋಣ. ನನ್ನ ವಿದ್ಯಾರ್ಥಿನಿ ಒಬ್ಬಳು ಕೆಜಿಎಫ್‌ನವಳು. ಸಿನಿಮಾದಲ್ಲಿ ಕಂಡದ್ದನ್ನು ಸ್ವಲ್ಪ ಮರೆತುಬಿಡಿ. ಬ್ರಿಟಿಷರ ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಅಲ್ಲಿ ಚಿನ್ನದ ಗಣಿ ನಡೆಸಲು ಶುರು ಮಾಡಿತು, ತಮಿಳು ಮತ್ತು ತೆಲುಗು ಸೀಮೆಯಿಂದ ಕೂಲಿಗೆ ಜನ ಬಂದರು, ಅವರಲ್ಲಿ ದಲಿತರೇ ಹೆಚ್ಚು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಆ ಗಣಿಗೆ. ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. 2001ರಲ್ಲಿ ಮುಚ್ಚಿತು. ಈ ಹುಡುಗಿಯ ಮನೆಯಲ್ಲಿ ಮೂರು ತಲೆಮಾರು ಗಣಿಗೆ ಇಳಿದವರು. ಅವಳೂ ಮೊದಲು ತಂದದ್ದು ಫೋಟೋಗಳನ್ನೇ. ತಾತ ಹೇಗೆ ಕೂರುತ್ತಿದ್ದರು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಕುಕ್ಕರುಗಾಲಲ್ಲಿ ಕೂತು ತೋರಿಸಿದಳು. ಕುರ್ಚಿ ಇದ್ದರೂ ಹೀಗೇ ಕೂರೋರು ಮೇಡಂ, ಟಿವಿ ನೋಡುವಾಗಲೂ ಹೀಗೇ, ಅಂದಳು.

ಅಲ್ಲಿಂದ ಕೆಲಸ ಶುರುವಾಯಿತು. ಕೋಣೆಗೆ ಅಡ್ಡಲಾಗಿ ಸೊಂಟದ ಎತ್ತರಕ್ಕೆ ಹಗ್ಗ ಕಟ್ಟಿದೆವು. ಅದರ ಕೆಳಗೆ ತಟ್ಟಡವು ಮಾಡು, ತಲೆಗೆ ಹಗ್ಗ ತಾಗಬಾರದು ಅಂದೆ. ತಟ್ಟಡವು ಅಂದರೆ ಪಾದವನ್ನು ನೆಲಕ್ಕೆ ತಟ್ಟುವ ಮೊದಲ ಪಾಠದ ಹೆಜ್ಜೆ. ಭರತನಾಟ್ಯ ಕಲಿತವರಿಗೆ ಮಂಡಿ ಬಗ್ಗಿಸಿ ಅರ್ಧ ಕೂತಂತೆ ನಿಲ್ಲುವ ಅರಮಂಡಿ ಅಭ್ಯಾಸವೇ, ಆದರೆ ಅರಮಂಡಿಯಲ್ಲಿ ಬೆನ್ನು ನೆಟ್ಟಗಿರಬೇಕು, ಎದೆ ಅಗಲವಾಗಿರಬೇಕು ಅಂತ ವರ್ಷಗಟ್ಟಲೆ ತಿದ್ದಿಸಿಕೊಂಡಿರುತ್ತಾರೆ. ಹಗ್ಗದ ಕೆಳಗೆ ಅದು ಸಾಧ್ಯವೇ ಇಲ್ಲ. ಮೊದಲು ಕತ್ತು ಬಾಗುತ್ತದೆ, ಆಮೇಲೆ ಭುಜ ಒಳಗೆ ಬರುತ್ತದೆ, ಉಸಿರು ಮೇಲೆ ಮೇಲೇ ಆಡಲು ಶುರುವಾಗುತ್ತದೆ. ಕೈ ಚಾಚಲು ಜಾಗವಿಲ್ಲದೆ ಮುದ್ರೆ ಎದೆಯ ಹತ್ತಿರವೇ ಮುದುಡಿಕೊಳ್ಳುತ್ತದೆ. ಕಾಲು ಮಾತ್ರ ತಾಳ ಬಿಡುವುದಿಲ್ಲ. ಅವಳು ಅಭಿನಯ ಮಾಡುತ್ತಿರಲಿಲ್ಲ, ತಾತನ ಮುಖಭಾವ ತರಲು ಹೋಗಿರಲಿಲ್ಲ. ಆದರೂ ನೋಡುತ್ತಿದ್ದ ನಮಗೆಲ್ಲ ಅಲ್ಲಿ ಗಣಿ ಕಂಡಿತು.

ಇನ್ನೊಂದು ಮಾತು ಹೇಳದೆ ಬಿಡುವ ಹಾಗಿಲ್ಲ. ನಾವು ಕಾಲಿಗೆ ಕಟ್ಟುವ ಗೆಜ್ಜೆಗೂ ವಸಾಹತು ಕಾಲದ ಒಂದು ಲೆಕ್ಕ ಇದೆ. ಇಂಗ್ಲಿಷ್ ಕಲಿತವರೂ ಮಿಷನರಿಗಳೂ ಸೇರಿ 1890ರ ದಶಕದಲ್ಲಿ ಮದರಾಸಿನಲ್ಲಿ ದೇವದಾಸಿಯರ ಕುಣಿತ ನಿಲ್ಲಬೇಕು ಅಂತ ನಾಚ್ ವಿರೋಧಿ ಚಳವಳಿ ನಡೆಸಿದರು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಆ ಪದ್ಧತಿಯಲ್ಲಿ ಹೆಣ್ಣುಮಕ್ಕಳು ಅನುಭವಿಸಿದ ಸಂಕಟ ನಿಜ, ಅದು ನಿಲ್ಲಲೇಬೇಕಿತ್ತು. ಆದರೆ ನೃತ್ಯವನ್ನು ಅವರ ಮನೆಗಳಿಂದ ತೆಗೆದು, ತೊಳೆದು, ಭರತನಾಟ್ಯ ಅಂತ ಹೊಸ ಹೆಸರಿಟ್ಟು ಬೇರೆ ಜಾತಿಯ ಮನೆಗಳಿಗೆ ಕೊಟ್ಟದ್ದೂ ನಿಜ. ಮೈಸೂರು ಆಸ್ಥಾನದ ನರ್ತಕಿ ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ ಇವರಿಂದ ಬಂದ ಅಭಿನಯವನ್ನು ಇವತ್ತು ಎಷ್ಟೋ ಜನ ಮಾಡುತ್ತೇವೆ. ಹಾಗಾಗಿ ವಸಾಹತು ಅಂದ ತಕ್ಷಣ ಕೆಂಪು ಕೋಟಿನ ಸಾಹೇಬನನ್ನು ವೇದಿಕೆಗೆ ತಂದು ಬೈದು ಮುಗಿಸುವ ಪ್ರಯೋಗಗಳು ನನಗೆ ಹಿಡಿಸುವುದಿಲ್ಲ. ನಮ್ಮ ಅಡವು ಯಾರ ಮನೆಯಿಂದ ಬಂತು ಅಂತಲೂ ಕೇಳಬೇಕು, ಅಲ್ವಾ?

ಮತ್ತೆ, ಲೈಟಿಂಗು, ಸಂಗೀತ ಎಲ್ಲ ಸೇರಿಸುವ ಮೊದಲು ಯಾರ ಕಥೆಯೋ ಆ ಮನೆಯವರನ್ನು ಕರೆದು ತೋರಿಸಿ. ಮೆಚ್ಚುಗೆಗೆ ಅಂತಲ್ಲ, ಅವರಿಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ. ಕೆಜಿಎಫ್ ಹುಡುಗಿಯ ಚಿಕ್ಕಪ್ಪ ಬಂದಿದ್ದರು, ಅವರೂ ಕೊನೆಯವರೆಗೆ ಗಣಿಯಲ್ಲಿದ್ದವರು. ಎಲ್ಲ ನೋಡಿ, ಕೂತ ಭಂಗಿ ಸರಿಯಾಗಿದೆ ಅಂದರು. ಆದರೆ ಬಂಡೆಗೆ ತೂತು ಹೊಡೆಯುವ ಮಶೀನನ್ನು ಒಬ್ಬರೇ ಹಿಡಿಯುವುದಿಲ್ಲ, ಪಕ್ಕದಲ್ಲಿ ಇನ್ನೊಬ್ಬ ಇರಲೇಬೇಕು, ಇವಳು ಯಾಕೆ ಒಬ್ಬಳೇ ಇದ್ದಾಳೆ ಅಂತ ಕೇಳಿದರು. ಏಕವ್ಯಕ್ತಿ ಅಂತ ಶುರುವಾದ ಪ್ರಯೋಗಕ್ಕೆ ಈಗ ಇನ್ನೊಬ್ಬ ಡಾನ್ಸರ್ ಹುಡುಕುತ್ತಿದ್ದೇವೆ.