ನಾಲ್ಕರಲ್ಲಿ ಒಂದು ಎಂದರೆ ಸರದಿಯಲ್ಲ

ಥಲಸ್ಸೇಮಿಯಾ ಮೇಜರ್ ಎಂಬ ತೀವ್ರ ರಕ್ತಹೀನತೆಯ ಆನುವಂಶಿಕ ಕಾಯಿಲೆ ಇರುವ ಮಗುವಿನ ತಂದೆತಾಯಿ ಸಲಹೆಗೆ ಬಂದಾಗ ತಪ್ಪದೆ ಕೇಳುವ ಪ್ರಶ್ನೆ: ‘ನಾಲ್ಕರಲ್ಲಿ ಒಂದಕ್ಕೆ ಬರುತ್ತದೆ ಎಂದಿರಿ. ಆ ಒಂದು ಆಗಿಹೋಯಿತಲ್ಲ ಡಾಕ್ಟರೇ, ಇನ್ನು ಮುಂದಿನ ಮಗುವಿಗೆ ಭಯವಿಲ್ಲ ತಾನೆ?’

ಭಯ ಮೊದಲಿನಷ್ಟೇ ಇದೆ. ಜೋಡಿ ಜೀನ್‌ಗಳಲ್ಲಿ ಒಂದರಲ್ಲಷ್ಟೇ ದೋಷವಿರುವವರು ವಾಹಕರು; ಎರಡರಲ್ಲೂ ಇದ್ದರೆ ಕಾಯಿಲೆ. ಇಬ್ಬರೂ ವಾಹಕರಾಗಿದ್ದಾಗ ದೋಷವಿರುವ ಜೀನ್ ತಂದೆಯಿಂದ ಬರುವ ಸಂಭವನೀಯತೆ 1/2, ತಾಯಿಯಿಂದಲೂ 1/2. ಅಂಡಾಣುವಿನಲ್ಲಿ ಏನಿದೆ ಎಂಬ ಗೊಡವೆ ವೀರ್ಯಾಣುವಿಗಿಲ್ಲ. ಇವು ಸ್ವತಂತ್ರ ಘಟನೆಗಳಾದ್ದರಿಂದ ಗುಣಿಸಬಹುದು: 1/4. ಹಿಂದಿನ ಬಸಿರಿನ ಫಲಿತಾಂಶ ಮುಂದಿನದನ್ನು ಮುಟ್ಟುವುದಿಲ್ಲ. ಎರಡನೆಯ ಮಗುವಿಗೂ 1/4, ಐದನೆಯದಕ್ಕೂ 1/4.

ಇನ್ನೂ ಮಕ್ಕಳಾಗದ ವಾಹಕ ದಂಪತಿಯ ಪ್ರಶ್ನೆ ಬೇರೆ. ಎರಡು ಮಕ್ಕಳಾದರೆ ಒಂದಕ್ಕಾದರೂ ಬರುವ ಸಾಧ್ಯತೆ ಎಷ್ಟು? ಓದಿಕೊಂಡವರೂ 1/4ಕ್ಕೆ 1/4 ಕೂಡಿಸಿ ಅರ್ಧ ಎಂದುಬಿಡುತ್ತಾರೆ. ಹಾಗೆ ಕೂಡಿಸುತ್ತ ಹೋದರೆ ಐದನೆಯ ಮಗುವಿನ ಹೊತ್ತಿಗೆ ಶೇ 125 ಆಗುತ್ತದೆ! ಬಾರದಿರುವ ಕಡೆಯಿಂದ ಹೊರಡುವುದು ಸುಲಭ. ಎರಡೂ ಮಕ್ಕಳು ಪಾರಾಗುವ ಸಾಧ್ಯತೆ 3/4 × 3/4, ಅಂದರೆ 9/16. ಉಳಿದ 7/16, ಸುಮಾರು ಶೇ 44, ನಮ್ಮ ಉತ್ತರ.

ಇಬ್ಬರೂ ವಾಹಕರಾಗಿರುವ ಸಾಧ್ಯತೆಯನ್ನು ಅಂದಾಜಿಸುವಾಗ ಇಂಥ ಗುಣಾಕಾರ ಕೈಕೊಡುವುದು ಗಂಡಹೆಂಡತಿ ರಕ್ತಸಂಬಂಧಿಗಳಾಗಿದ್ದಾಗ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. 30 ಜನರಲ್ಲಿ ಒಬ್ಬರು ವಾಹಕರು ಎಂದಿಟ್ಟುಕೊಳ್ಳೋಣ. ಸಂಬಂಧವಿಲ್ಲದ ಜೋಡಿಯಲ್ಲಿ ಇಬ್ಬರೂ ವಾಹಕರಾಗಿರುವ ಸಾಧ್ಯತೆ 1/30 × 1/30, ಅಂದರೆ 900ರಲ್ಲಿ ಒಂದು. ಆದರೆ ಮಾವ ವಾಹಕನಾಗಿದ್ದರೆ ಅವನ ಅಕ್ಕನೂ ವಾಹಕಳಾಗಿರುವ ಸಾಧ್ಯತೆ ಸುಮಾರು ಅರ್ಧ, ಅವಳಿಂದ ಮಗಳಿಗೆ ಇಳಿಯುವುದು ಅದರಲ್ಲಿ ಅರ್ಧ. ಹಾಗಾಗಿ ಗುಣಿಸಬೇಕಾದದ್ದು 1/30 × 1/4: ಹೆಚ್ಚುಕಡಿಮೆ 120ರಲ್ಲಿ ಒಂದು. ಸ್ವತಂತ್ರವಲ್ಲದ್ದನ್ನು ಸ್ವತಂತ್ರವೆಂದು ಗುಣಿಸಿದವರು ಇಲ್ಲಿ ಅಪಾಯವನ್ನು ಏಳೂವರೆ ಪಟ್ಟು ಕಡಿಮೆ ಮಾಡಿ ನೋಡಿರುತ್ತಾರೆ. ‘ಎರಡೂ ಮನೆಯಲ್ಲಿ ಯಾರಿಗೂ ಇರಲಿಲ್ಲ’ ಎಂಬ ಮಾತಿಗೂ ಬೆಲೆಯಿಲ್ಲ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಹೆಚ್ಚೆಂದರೆ ಸ್ವಲ್ಪ ರಕ್ತಹೀನತೆ.

ಮದುವೆಗೆ ಮುನ್ನ ಇಬ್ಬರ ರಕ್ತದಲ್ಲಿ ಎಚ್‌ಬಿಎ2 (ವಾಹಕರಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಒಂದು ಬಗೆಯ ಹಿಮೋಗ್ಲೋಬಿನ್) ಪ್ರಮಾಣವನ್ನು ನೋಡಿಸಿದರೆ ಈ ಅಂದಾಜುಗಳು ಬಹುಮಟ್ಟಿಗೆ ಬೇಕಾಗುವುದಿಲ್ಲ. ಇಬ್ಬರೂ ವಾಹಕರೆಂದು ಗೊತ್ತಾದವರು ಬಸಿರಿನ ಆರಂಭದಲ್ಲೇ ನಮ್ಮ ಬಳಿ ಬರಬೇಕು. ಮಾಸಿನ ಅಂಶ ತೆಗೆದು ಪರೀಕ್ಷಿಸುವುದು 11ನೇ ವಾರದಿಂದ ಸಾಧ್ಯ.