ಗುಂಡಿ, ಗಡಿಯಾರ ಮತ್ತು ಒಂದು ಲೋಟ ಹಾಲು

ಒಂದು ದಿನ ಅಂಗಿಯ ಗುಂಡಿ ಸಲೀಸಾಗಿ ತೂತಿನೊಳಗೆ ಕೂರುತ್ತದೆ. ಮರುದಿನ ಅದೇ ಬೆರಳುಗಳು ಅದೇ ಗುಂಡಿಯ ಮುಂದೆ ಹತ್ತು ನಿಮಿಷ ತಡವರಿಸುತ್ತವೆ. ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ಎಂಬ ಔಷಧ ತೆಗೆದುಕೊಳ್ಳುವವರು ಆಗ "ಮಾತ್ರೆ ಹಿಡಿಯುತ್ತಿಲ್ಲ" ಎನ್ನುತ್ತಾರೆ. ಅಂದು ಮಾತ್ರೆಯ ಜೊತೆ ಒಂದು ಲೋಟ ಹಾಲು ಹೊಟ್ಟೆಗೆ ಹೋಗಿತ್ತೇ ಎಂಬುದು ನಾನು ಮೊದಲು ಕೇಳುವ ಪ್ರಶ್ನೆ.

ಲೆವೊಡೋಪಾ ಒಂದು ಅಮೈನೋ ಆಮ್ಲ. ಮಿದುಳು ಸೇರಿದ ಮೇಲೆ ಅದು ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವಾಗುತ್ತದೆ. ಹಾಲು, ಮೊಟ್ಟೆ, ಬೇಳೆ, ಮಾಂಸಗಳ ಪ್ರೊಟೀನ್ ಜೀರ್ಣವಾದಾಗ ಸಿಗುವುದೂ ಅಮೈನೋ ಆಮ್ಲಗಳೇ. ಕರುಳನ್ನು ಹೊಳೆ ಎಂದುಕೊಳ್ಳಿ. ದಾಟಿಸಲು ಇರುವುದು ಕೆಲವೇ ದೋಣಿಗಳು. ಅಂಬಿಗ ಮುಖ ನೋಡುವುದಿಲ್ಲ. ದಡದಲ್ಲಿ ಲ್ಯೂಸಿನ್, ಟೈರೊಸಿನ್‌ನಂಥ ಊಟದ ಅಮೈನೋ ಆಮ್ಲಗಳ ದಂಡೇ ನೆರೆದಿದ್ದರೆ ಲೆವೊಡೋಪಾಗೆ ಜಾಗ ಸಿಗುವುದು ತಡ. ಹೇಗೋ ರಕ್ತ ಸೇರಿದರೂ ಮಿದುಳಿನ ಬಾಗಿಲಲ್ಲಿ ಮತ್ತದೇ ನೂಕುನುಗ್ಗಲು. ಒಂದೇ ಕೀಲಿ ಬೀಗದಲ್ಲಿ ತಿರುಗಬೇಕು, ಹತ್ತು ಕೀಲಿಗಳು ಒಟ್ಟಿಗೆ ನುಗ್ಗುತ್ತಿವೆ!

ಲೆವೊಡೋಪಾದ ಕಥೆಯೇ ಆಹಾರದಿಂದ ಶುರುವಾದದ್ದು. 1913ರಲ್ಲಿ ರಸಾಯನಶಾಸ್ತ್ರಜ್ಞ ಮಾರ್ಕಸ್ ಗುಗೆನ್‌ಹೈಮ್ ಫಾವಾ ಬೀನ್ಸ್‌ನಿಂದ ಅದನ್ನು ಬೇರ್ಪಡಿಸಿ, 2.5 ಗ್ರಾಂ ತಾವೇ ನುಂಗಿ, ವಿಪರೀತ ವಾಂತಿ ಮಾಡಿಕೊಂಡರು. 1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್, ರಿಸರ್ಪಿನ್ ಎಂಬ ಔಷಧ ಕೊಟ್ಟು ನಿಶ್ಚಲಗೊಳಿಸಿದ್ದ ಮೊಲಗಳನ್ನು ಇದೇ ಅಣುವಿನಿಂದ ಎಬ್ಬಿಸಿದರು. ಗುಗೆನ್‌ಹೈಮರ ವಾಂತಿಗೆ ಕಾರಣ, ಲೆವೊಡೋಪಾ ಮಿದುಳಿನ ಹೊರಗೇ ಡೋಪಮಿನ್ ಆಗಿಬಿಡುವುದು. ಅದನ್ನು ತಡೆಯಲೆಂದೇ ಇಂದಿನ ಮಾತ್ರೆಗಳಲ್ಲಿ ಕಾರ್ಬಿಡೋಪಾದಂಥ ಜೊತೆಗಾರ ಇರುತ್ತದೆ. ಆದರೂ ಖಾಲಿ ಹೊಟ್ಟೆಯಲ್ಲಿ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಪ್ರೊಟೀನ್ ಕಡಿಮೆಯಿರುವ ಒಂದು ಬಿಸ್ಕತ್ತೋ ಹಣ್ಣಿನ ಹೋಳೋ ಸಾಕು.

ಇಷ್ಟು ಕೇಳಿದ ಕೂಡಲೇ "ಹಾಗಾದರೆ ಪ್ರೊಟೀನೇ ಬೇಡ" ಎಂದು ಉಪದೇಶಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಈ ಕಾಯಿಲೆಯಲ್ಲಿ ಮೊದಲೇ ತೂಕ ಇಳಿಯುವ ಅಪಾಯವಿದೆ. ಸ್ನಾಯು ಸೊರಗಿದರೆ ಬೀಳುವುದು ಹೆಚ್ಚು, ಬಿದ್ದರೆ ಮೂಳೆ ಮುರಿಯುವುದು ಹೆಚ್ಚು. ಬದಲಿಸಬೇಕಾದದ್ದು ಹೊತ್ತನ್ನು. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯಾದರೂ ಕಳೆದ ಮೇಲೆ ಮಾತ್ರೆ. ಊಟದಿಂದ ಏರುಪೇರಾಗುವುದು ಸ್ಪಷ್ಟವಾಗಿ ಕಂಡವರಿಗೆ ವೈದ್ಯರು ದಿನದ ಪ್ರೊಟೀನ್‌ನ ಹೆಚ್ಚಿನ ಪಾಲನ್ನು ರಾತ್ರಿಗೆ ಸರಿಸುವುದುಂಟು. ಎಲ್ಲರಿಗೂ ಅದು ಬೇಕಿಲ್ಲ. ಕಬ್ಬಿಣಾಂಶದ ಮಾತ್ರೆಯೂ ಲೆವೊಡೋಪಾವನ್ನು ಹಿಡಿದಿಡುವುದರಿಂದ ಎರಡನ್ನೂ ಒಟ್ಟಿಗೆ ನುಂಗಬಾರದು.

ಈ ಕಾಯಿಲೆಯ ಜೊತೆ ಬರುವ ಮಲಬದ್ಧತೆಯ ಬಗ್ಗೆ ಹೇಳಿಕೊಳ್ಳಲು ಜನ ಸಂಕೋಚಪಡುತ್ತಾರೆ. ಕೈನಡುಕ ಕಾಣಿಸುವುದಕ್ಕೆ ವರ್ಷಗಳ ಮೊದಲೇ ಅದು ಶುರುವಾಗಿರಬಹುದು. ನಾರಿನ ಆಹಾರ ಹೆಚ್ಚಿಸಿದರೆ ನೀರನ್ನೂ ಹೆಚ್ಚಿಸಬೇಕು. ಇಲ್ಲದಿದ್ದರೆ ತೊಂದರೆ ಇನ್ನೂ ಬಿಗಿಯಾಗುತ್ತದೆ.

ಒಂದು ವಾರ ಚೀಟಿಯಲ್ಲಿ ಬರೆದಿಡಿ: ಮಾತ್ರೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ತಟ್ಟೆಯಲ್ಲಿ ಏನಿತ್ತು, ಗುಂಡಿ ಯಾವಾಗ ಕೂತಿತು. ಮಾತ್ರೆಯ ಪ್ರಮಾಣ ಹೆಚ್ಚಿಸಿ ಎಂದು ಕೇಳುವ ಮೊದಲು ಆ ಚೀಟಿಯನ್ನು ವೈದ್ಯರ ಮುಂದಿಡಿ.