ಓದುಗರ ಪ್ರಶ್ನೆ: ನಮ್ಮ ಗುಡ್ಡದ ಮೇಲೆ ನಾವೇ ಒಂದು ರಿಪೀಟರ್ ಹಾಕಬಹುದಾ?

ಪ್ರಶ್ನೆ: ನಮ್ಮದು ಕೊಡಗಿನ ಗಾಳಿಬೀಡು ಕಡೆ ಕಾಫಿ ತೋಟ. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಕರೆಂಟ್ ಹೋದರೆ ಮೊಬೈಲ್ ಸಿಗ್ನಲ್ ಕೂಡ ಜಾಸ್ತಿ ಹೊತ್ತು ಇರುವುದಿಲ್ಲ. ಏಳೆಂಟು ಮನೆಯವರು ಸೇರಿ ವಾಕಿಟಾಕಿ ತಂದು, ಗುಡ್ಡದ ಮೇಲೆ ರಿಪೀಟರ್ ಇಡೋಣ ಅಂದುಕೊಂಡಿದ್ದೇವೆ. ಯಾರಿಗೂ ಅನುಭವ ಇಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹಾಕಬಹುದು. ಆದರೆ ರಿಪೀಟರ್ ಕೊಳ್ಳುವುದು ಕೊನೆಯ ಕೆಲಸ. ಮೊದಲು ಲೈಸೆನ್ಸ್, ಆಮೇಲೆ ಜಾಗ, ಆಮೇಲೆ ಪೆಟ್ಟಿಗೆ. ಈ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಉತ್ಸಾಹವೂ ಹೋಗುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಪಕ್ಕದ ಊರಿನ ಸುದ್ದಿಯೇ ತಿಳಿಯದ ಸ್ಥಿತಿ ಬಂದಿತ್ತು. ಹಾಗಾಗಿ ನಿಮ್ಮ ಯೋಚನೆ ನನಗೆ ತುಂಬಾ ಹಿಡಿಸಿತು.

ವಾಕಿಟಾಕಿಯ ಅಲೆ ಹೆಚ್ಚುಕಮ್ಮಿ ನೇರಕ್ಕೆ ಹೋಗುತ್ತದೆ. ನಿಮ್ಮ ಮನೆಗೂ ಆಚೆ ಕೊಲ್ಲಿಯ (ಕಣಿವೆಯ) ಮನೆಗೂ ನಡುವೆ ಒಂದು ಗುಡ್ಡ ಇದ್ದರೆ, ದೂರ ಎರಡೇ ಕಿಲೋಮೀಟರ್ ಆದರೂ ಮಾತು ದಾಟುವುದು ಕಷ್ಟ. ಎರಡೂ ಮನೆ ಕಾಣುವ ಎತ್ತರದಲ್ಲಿ ಕೂತು, ಒಂದು ಕಡೆಯ ಮಾತು ಕೇಳಿಸಿಕೊಂಡು ಅದೇ ಕ್ಷಣಕ್ಕೆ ಮತ್ತೆ ಹೇಳುವುದೇ ರಿಪೀಟರ್. ಕೇಳುವುದಕ್ಕೆ ಒಂದು ಫ್ರೀಕ್ವೆನ್ಸಿ, ಹೇಳುವುದಕ್ಕೆ ಇನ್ನೊಂದು. ನಮ್ಮಲ್ಲಿ ಹ್ಯಾಮ್‌ಗಳಿಗೆ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರಿಗೆ, 144ರಿಂದ 146 ಮೆಗಾಹರ್ಟ್ಸ್ ಬ್ಯಾಂಡ್ ಇದೆ. ಅದರಲ್ಲಿ ಈ ಎರಡರ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ ಇಡುತ್ತಾರೆ.

ಹೊಸಬರು ಸೋಲುವುದು ಇಲ್ಲೇ. ರಿಪೀಟರ್ 25 ವಾಟ್‌ನಲ್ಲಿ ಕೂಗುತ್ತಿರುತ್ತದೆ. ಅದೇ ಹೊತ್ತಿಗೆ, ಅದೇ ಆಂಟೆನಾದಲ್ಲಿ, ದೂರದ ಕೈ ಸೆಟ್‌ನಿಂದ ಬರುವ ಸಿಗ್ನಲ್ ಕೇಳಬೇಕು. ಅದು ಒಂದು ವೋಲ್ಟ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇರಬಹುದು. ಕಿವಿಯ ಪಕ್ಕ ಚೆಂಡೆ ಬಾರಿಸುತ್ತಾ ಆಚೆ ಬದಿಯ ಪಿಸುಮಾತು ಕೇಳಿದ ಹಾಗೆ, ಅಲ್ವಾ? ಇವೆರಡನ್ನೂ ಬೇರೆ ಮಾಡುವ ಡಬ್ಬಿಗಳ ಸಾಲಿಗೆ ಡ್ಯುಪ್ಲೆಕ್ಸರ್ ಅನ್ನುತ್ತಾರೆ. ಡಬ್ಬಿಯ ಉದ್ದ ಹೆಚ್ಚುಕಮ್ಮಿ ಅಲೆಯ ಉದ್ದದ ಕಾಲು ಭಾಗ ಇರಬೇಕು, ಈ ಬ್ಯಾಂಡಿನಲ್ಲಿ ಅದು ಸುಮಾರು ಅರ್ಧ ಮೀಟರ್. ಹಾಗಾಗಿ ಒಳ್ಳೆಯ ಡಬ್ಬಿ ಮೊಣಕಾಲೆತ್ತರ ಇರುತ್ತದೆ. ಅಂಗೈಯಷ್ಟಗಲದ ಚಪ್ಪಟೆ ಡ್ಯುಪ್ಲೆಕ್ಸರ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅಂಥವು ಬಹಳಷ್ಟು 5 ಮೆಗಾಹರ್ಟ್ಸ್ ಅಂತರಕ್ಕೆ ಮಾಡಿದವು, ನಮ್ಮ 600 ಕಿಲೋಹರ್ಟ್ಸ್‌ನ ಸಣ್ಣ ಅಂತರಕ್ಕೆ ಆಗುವುದಿಲ್ಲ. ಡ್ಯುಪ್ಲೆಕ್ಸರನ್ನು ನಿಮ್ಮ ಎರಡು ಫ್ರೀಕ್ವೆನ್ಸಿಗೆ ಸರಿಯಾಗಿ ಟ್ಯೂನ್ ಮಾಡುವುದಕ್ಕೆ ಅನುಭವಿ ಹ್ಯಾಮ್ ಒಬ್ಬರು, ಅಳೆಯುವ ಉಪಕರಣ ಎರಡೂ ಬೇಕು.

ಪವರ್ ಜಾಸ್ತಿ ಮಾಡಿದರೆ ದೂರ ಹೋಗುತ್ತದೆ ಅಂತ ಹಲವರು ನಂಬುತ್ತಾರೆ. ನಿಮ್ಮ ಕೈಯಲ್ಲಿರುವುದು 5 ವಾಟ್‌ನ ಸೆಟ್. ಅದರ ದನಿ ಮೇಲಕ್ಕೆ ಮುಟ್ಟದಿದ್ದರೆ ರಿಪೀಟರ್ 50 ವಾಟ್ ಆದರೇನು ಬಂತು? ಆ ದುಡ್ಡನ್ನು ಒಳ್ಳೆಯ ಆಂಟೆನಾಕ್ಕೆ, ಒಳ್ಳೆಯ ಕೇಬಲಿಗೆ ಹಾಕಿ.

ಈಗ ಜಾಗ. ತಡಿಯಂಡಮೋಳ್ 1,748 ಮೀಟರ್ ಎತ್ತರ, ಜಿಲ್ಲೆಯಲ್ಲೇ ದೊಡ್ಡ ಬೆಟ್ಟ. ಆದರೆ ಕಕ್ಕಡದಲ್ಲಿ ಫ್ಯೂಸ್ ಹೋದರೆ ಅಂಥ ಕಡೆಗೆ ಹತ್ತುವವರು ಯಾರು? ತುದಿ ಅರಣ್ಯ ಇಲಾಖೆಯದ್ದಾದರೆ ಅವರ ಒಪ್ಪಿಗೆಯೂ ಬೇಕು. ನನ್ನ ಕೇಳಿದರೆ, ಏಣಿನ (ಗುಡ್ಡದ ಉದ್ದನೆಯ ಬೆನ್ನಿನ) ಮೇಲಿರುವ ಯಾರಾದರೂ ಪರಿಚಿತರ ಮನೆಯೇ ವಾಸಿ. ಜೀಪ್ ಹೋಗುತ್ತದೆ, ಕೂರಲು ಸೂರಿದೆ. ಆಂಟೆನಾ ಮಾತ್ರ ಸಿಲ್ವರ್ ಓಕ್ ಮರಗಳ ತಲೆಗಿಂತ ಮೇಲೆ ಇರಲಿ. ಕಂಬಕ್ಕೆ ಮಿಂಚಿನ ರಕ್ಷಣೆ ಮತ್ತು ಅರ್ಥಿಂಗ್ ಇಲ್ಲದೆ ಒಂದು ದಿನವೂ ಬಿಡಬೇಡಿ.

ಕರೆಂಟಿನ ಲೆಕ್ಕ ಹೀಗೆ. ರಿಪೀಟರ್ ಸುಮ್ನೆ ಕೇಳುತ್ತಾ ಕೂತಾಗ ಅರ್ಧ ಆಂಪಿಯರ್ ಎಳೆದರೆ ದಿನಕ್ಕೆ 12 ಆಂಪಿಯರ್ ಅವರ್. 25 ವಾಟ್‌ನಲ್ಲಿ ಮಾತಾಡುವಾಗ ಸುಮಾರು 6 ಆಂಪಿಯರ್. ದಿನಕ್ಕೆ ಒಟ್ಟು ಒಂದು ಗಂಟೆ ಮಾತು ಅಂದುಕೊಂಡರೆ ಎಲ್ಲ ಸೇರಿ 18 ಆಗುತ್ತದೆ. 100 ಆಂಪಿಯರ್ ಅವರ್‌ನ ಸಾಮಾನ್ಯ ಇನ್ವರ್ಟರ್ ಬ್ಯಾಟರಿಯಲ್ಲಿ ಅರ್ಧ ಬಳಸುವುದು ಅದರ ಆಯುಸ್ಸಿಗೆ ಒಳ್ಳೆಯದು. ಅಲ್ಲಿಗೆ ಮೂರು ದಿನವೂ ತುಂಬುವುದಿಲ್ಲ. ನಮ್ಮ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಸೋಲಾರ್ ಒಂದನ್ನೇ ನಂಬಬೇಡಿ. ಎರಡು ಬ್ಯಾಟರಿ ಇಡಿ.

ಇನ್ನು ಕಾಗದಪತ್ರ. ಹ್ಯಾಮ್ ಬ್ಯಾಂಡಿನಲ್ಲಿ ಮಾತಾಡುವ ಪ್ರತಿಯೊಬ್ಬರಿಗೂ ಕೇಂದ್ರ ಸರ್ಕಾರದ ಡಬ್ಲ್ಯುಪಿಸಿ ವಿಭಾಗದ ಲೈಸೆನ್ಸ್ ಬೇಕು. ಪರೀಕ್ಷೆ ಬರೆಯಬೇಕು, 12 ವರ್ಷ ತುಂಬಿದವರು ಬರೆಯಬಹುದು. ರೆಸ್ಟ್ರಿಕ್ಟೆಡ್ ಗ್ರೇಡ್‌ಗೆ (ಶುರುವಿನ ದರ್ಜೆಗೆ) ಮೋರ್ಸ್ ಕೋಡ್ ಬೇಡ, ರೇಡಿಯೋ ಪಾಠ ಮತ್ತು ನಿಯಮ ತಿಳಿದಿದ್ದರೆ ಸಾಕು. ರಿಪೀಟರಿಗೆ ಬೇರೆಯೇ ಅನುಮತಿ ಪಡೆಯಬೇಕು. ಅದಕ್ಕೇ ಒಂದು ಹ್ಯಾಮ್ ಕ್ಲಬ್ ಜೊತೆ ಸೇರಿಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹ್ಯಾಮ್ ರೇಡಿಯೋದಲ್ಲಿ ತೋಟದ ವ್ಯವಹಾರ ಮಾತಾಡುವಂತಿಲ್ಲ. ಕೆಲಸದವರನ್ನು ಕರೆಯಲು, ಕಾಫಿ ಲೋಡಿನ ವಿಷಯಕ್ಕೆ ಬೇಕಾದರೆ ಸ್ವಂತ ಬಳಕೆಯ ಬೇರೆ ವೈರ್‌ಲೆಸ್ ಲೈಸೆನ್ಸ್ ಮಾಡಿಸಬೇಕು. ಎಂಟು ಮನೆಯಲ್ಲಿ ಎಷ್ಟು ಜನ ಪರೀಕ್ಷೆಗೆ ಕೂರುತ್ತಾರೆ ಅನ್ನುವುದರ ಮೇಲೆ ಯಾವ ದಾರಿ ಅಂತ ನೀವೇ ತೀರ್ಮಾನಿಸಿ. ಮನೆಗೆ ಒಬ್ಬರಾದರೂ ಬರೆದರೆ ಹ್ಯಾಮ್ ದಾರಿಯೇ ಚೆನ್ನ.

ಲೈಸೆನ್ಸ್ ಬರುವವರೆಗೆ ಸೆಟ್ ಒತ್ತಬೇಡಿ, ಆದರೆ ಒಂದು ಕೆಲಸ ಈಗಲೇ ಮಾಡಬಹುದು. ಫೆಬ್ರವರಿಯ ಒಳ್ಳೆಯ ಬಿಸಿಲಿನ ದಿನ ಇಬ್ಬರು ಏಣಿನ ಮೇಲೆ ನಿಲ್ಲಿ. ಮೊದಲೇ ಗೊತ್ತು ಮಾಡಿದ ಹೊತ್ತಿಗೆ ಪ್ರತಿ ಮನೆಯವರೂ ಅಂಗಳದಿಂದ ನಿಮ್ಮ ಕಡೆಗೆ ಕನ್ನಡಿ ಮಿನುಗಿಸಲಿ. ಬೆಳಕು ಕಂಡ ಮನೆಗೆ ಗುರುತು ಹಾಕಿ. ಕಾಣದ ಮನೆಗೆ ಮರ ಅಡ್ಡವೋ, ಗುಡ್ಡವೇ ಅಡ್ಡವೋ ನೋಡಿ. ಮರವಾದರೆ ರೇಡಿಯೋ ಬಹುಶಃ ದಾಟುತ್ತದೆ. ಗುಡ್ಡವಾದರೆ ಇನ್ನೊಂದು ಏಣು ಹುಡುಕಿ.